ಐಸಿಗೆ ಏಲವಿಲ್ಲ

ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಐದಕ್ಕೆ
ಮೀನಿಗೆ ಬಾಯಿ ಬರುತ್ತದೆ. ಭುಜಂಗಣ್ಣನ ಬಾಯಿ.
ಎರಡು, ಎರಡು ಇನ್ನೂರು, ಎರಡು ಐನೂರು,
ಅವನು ಉಸಿರು ತೆಗೆಯುವಾಗ ತಲೆಯಾಡಿಸಿದವಳಿಗೆ ಬುಟ್ಟಿ.
ನಾನು ಆಡಿಸಿದೆ.
ಎರಡು ಸಾವಿರದ ಎಂಟುನೂರಕ್ಕೆ ಬಂಗುಡೆ,
ಕಿವಿರು ಇನ್ನೂ ಕೆಂಪು, ಬೆನ್ನು ಇನ್ನೂ ಕಡಲು.
ಮೇಲೆ ಆರು ಕಾಣೆ, ಬೇರೆ ಕಟ್ಟಿಟ್ಟೆ.
ಮಗಳಿಗೆ ನಾಲ್ಕು ತಿಂಗಳು.

ಆರೂವರೆಗೆ ಮೂರು ಬೋಟು ಒಟ್ಟಿಗೆ ಬಂದವು
ಅಂಚಿಗೆ ನೀರು ತಾಗುವಷ್ಟು ತುಂಬಿಕೊಂಡು.
ದೇವರು ಕೊಟ್ಟರು ಎಂದ ತಾಂಡೇಲ.
ಕೊಟ್ಟದ್ದು ಹೌದು.
ನನ್ನ ಬುಟ್ಟಿಯಂಥದ್ದೇ ಬುಟ್ಟಿ ಈಗ ಸಾವಿರದ ನೂರು.
ಫಿಶ್‌ಮೀಲಿನ ಲಾರಿ ಹಿಂದಕ್ಕೆ ಹಿಂದಕ್ಕೆ ಬಂದು ನಿಂತಿತು.
ಸಲಿಕೆಯಲ್ಲಿ ಎತ್ತಿದ ಮೇಲೆ
ಅದನ್ನು ಯಾರೂ ಮೀನು ಅನ್ನುವುದಿಲ್ಲ,
ಟನ್ನು ಅನ್ನುತ್ತಾರೆ.

ಐಸಿನವನ ಹತ್ತಿರ ಹೋದೆ.
ಮೀನು ಇಳಿದಿದೆ ಮಾರಾಯ, ನೀನೂ ಸ್ವಲ್ಪ ಇಳಿ.
ಐಸಿಗೆ ಏಲ ಇಲ್ಲ ಅಕ್ಕ, ಎಂದ,
ಹೇಳಿದ್ದೇ ರೇಟು.
ಅವನ ತಪ್ಪೇನು?
ಡೀಸೆಲಿಗೂ ಏಲವಿಲ್ಲ, ರಿಕ್ಷಾಕ್ಕೂ ಇಲ್ಲ,
ಸಂಘದ ಸಾಲದ ಕಂತಿಗೂ ಇಲ್ಲ.
ಕೂಗಿ ಕೂಗಿ ಮಾರುವುದು
ಕಡಲು ಕೊಟ್ಟದ್ದನ್ನು ಮಾತ್ರ.

ನೀರು ಸೋರುತ್ತದೆಂದು ಬಸ್ಸಿಗೆ ಹತ್ತಿಸುವುದಿಲ್ಲ.
ನಾವು ಐವರು ಸೇರಿ ಒಂದು ರಿಕ್ಷಾ.
ಕಲ್ಮಾಡಿಯಲ್ಲಿ ಒಬ್ಬಳು ಇಳಿದಳು, ಆದಿಉಡುಪಿಯಲ್ಲಿ ಇಬ್ಬರು,
ಕುಂಜಿಬೆಟ್ಟಿನ ಫ್ಲ್ಯಾಟಿನ ಗೇಟಿಗೆ ನಾನು.
ಮೀನಿನವರಿಗೆ ಲಿಫ್ಟ್ ಇಲ್ಲ. ವಾಸನೆ ನಿಲ್ಲುತ್ತದಂತೆ.
ಹಾಗಾಗಿ ಮೂರನೇ ಮಹಡಿಯಮ್ಮ ಕೆಳಗೆ ಬರುತ್ತಾರೆ,
ಹದಿನೆಂಟು ವರ್ಷದಿಂದ.
ಇವತ್ತು ಬುಟ್ಟಿ ನೋಡಲಿಲ್ಲ, ಫೋನು ನೋಡಿದರು.
ಇಂದಿರಕ್ಕ, ಇದರಲ್ಲಿ ಬಂಗುಡೆ ನಿಮಗಿಂತ ಕಡಿಮೆ,
ಕ್ಲೀನಿಂಗಿಗೆ ಮಾತ್ರ ಬೇರೆ ನಲವತ್ತು.

ನಲವತ್ತು!
ಹದಿನೆಂಟು ವರ್ಷ ಅದೇ ಮೆಟ್ಟಿಲಲ್ಲಿ ಕೂತು
ತಲೆ ಕೊಯ್ದು, ಕರುಳು ತೆಗೆದು, ಗೀರು ಹಾಕಿ ಕೊಟ್ಟಿದ್ದೇನೆ,
ಬೆಕ್ಕಿಗೆ ಅದರ ಪಾಲೂ ಕೊಟ್ಟಿದ್ದೇನೆ.
ಅದಕ್ಕೊಂದು ಬೆಲೆ ಉಂಟು ಅಂತ
ನನಗೆ ಮೊದಲು ಹೇಳಿದ್ದು ಆ ಫೋನು.

ಬಂಗುಡೆ ಅರ್ಧ ಉಳಿದಿತ್ತು. ಬಿಸಿಲು ಗೇಟಿನೊಳಗೆ ಬಂದಿತ್ತು.
ಒಂದು ಬೈಕು ನಿಂತಿತು, ಹಿಂದೆ ಕೆಂಪು ಡಬ್ಬ.
ಕೊಪ್ಪಳದ ಹುಡುಗ, ಮೀಸೆ ಇನ್ನೂ ಯೋಚಿಸುತ್ತಿತ್ತು.
ಅಕ್ಕಾ, ಇದರಾಗ ಕಾಣೆ ಅಂತ ಬರದಾರ್ರೀ,
ಏನು ಕಾಣೆ ಆಗೇತಿ?
ನಾನು ನಕ್ಕೆ. ನಗು ನಿಲ್ಲಲಿಲ್ಲ.
ಸೀರೆಯ ಸೆರಗಲ್ಲಿ ಕಣ್ಣೊರಸಿ ಹೇಳಿದೆ,
ಮೀನು ಮಗಾ. ಒಂದು ಮೀನಿನ ಹೆಸರು.
ಅಂಗಡಿಯಲ್ಲಿ ಮುಗಿದಿದೆಯಂತೆ, ಗಿರಾಕಿ ಬಿಡುವುದಿಲ್ಲವಂತೆ,
ಎಲ್ಲಿಂದಾದರೂ ತಾ ಎಂದನಂತೆ ಮ್ಯಾನೇಜರು.
ಅವನು ಈ ಊರಿಗೆ ಬಂದು ಮೂರು ವಾರ,
ಕಡಲನ್ನು ಇನ್ನೂ ನೋಡಿರಲಿಲ್ಲ.

ಕಟ್ಟಿಟ್ಟದ್ದನ್ನು ಬಿಚ್ಚಿದೆ.
ಯಾಕೆ ಬಿಚ್ಚಿದೆ ಅಂತ ಕೇಳಬೇಡಿ.
ಏಳುನೂರು ಅಂದೆ, ಅವನು ಚೌಕಾಸಿ ಮಾಡಲಿಲ್ಲ,
ಅವನ ದುಡ್ಡಲ್ಲ.
ಕ್ಲೀನಿಂಗ್ ನಲವತ್ತು, ಅಂದೆ. ಅದನ್ನೂ ಕೊಟ್ಟ.
ಬಿಲ್ಲಿಗೆ ಹೆಸರು ಬೇಕಂತೆ. ಇಂದಿರಾವತಿ ತಿಂಗಳಾಯ.
ತಿಂಗಳಾ ಅಂತ ಬರೆದ, ಯ ಅವನಿಗೆ ಕೇಳಲಿಲ್ಲ.
ಡಬ್ಬ ಹಿಡಿದು ಲಿಫ್ಟಿಗೆ ಹೋದ.
ಕಾವಲಿನವ ಬಾಗಿಲು ಹಿಡಿದು ನಿಂತ.
ಒಂದು. ಎರಡು. ಮೂರು.

ಸ್ವಲ್ಪ ಹೊತ್ತಿಗೆ ಬಾಲ್ಕನಿಯಿಂದ ಅಮ್ಮನವರು:
ಇಂದಿರಕ್ಕ, ಇಲ್ಲಿ ನೋಡಿ, ಕಾಣೆ ಅಂದರೆ ಹೀಗಿರಬೇಕು,
ನೀವೂ ಇಂಥದ್ದು ತನ್ನಿ.
ತರುತ್ತೇನಮ್ಮಾ, ಅಂದೆ.

ಮಗಳು ಫೋನು ಮಾಡಿದಳು. ಸಿಕ್ಕಿತಾ?
ಇವತ್ತು ಬಂದಿರಲಿಲ್ಲ ಅಂದೆ, ಬರೇ ಬಂಗುಡೆ.
ಅವಳು ಬಂದರಿನಲ್ಲೇ ಬೆಳೆದವಳು. ಸುಮ್ಮನಾದಳು.
ಉಪ್ಪು ಉಂಟಾ ಮನೆಯಲ್ಲಿ, ಎಂದಳು ಆಮೇಲೆ.
ಎರಡು ಕಿಲೋ ಬೇಕಾದೀತು, ಉಳಿದದ್ದನ್ನು ಸೀಳಿ ಒಣಗಿಸಲಿಕ್ಕೆ,
ಈ ಮೋಡ ಬಿಟ್ಟರೆ.

ಬುಟ್ಟಿ ಓರೆ ಮಾಡಿದೆ.
ಐಸೆಲ್ಲ ನೀರಾಗಿ
ಗೇಟಿನ ಕೆಳಗೆ ರಸ್ತೆಗೆ ಹೋಯಿತು,
ಪೂರ್ತಿ ರೇಟಿನದ್ದು.
ಸಿಂಬೆ ಹಿಂಡಿ ತಲೆಗಿಟ್ಟೆ.